ಕೆಂಪು ಕಾರಿನ ನಾಲ್ಕು ಸ್ಪ್ರಿಂಗು

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ಒಂದು ನಾನು ಶಾಲೆಗೆ ಓಡಿಸಿಕೊಂಡು ಹೋಗುತ್ತಿದ್ದ ಬಿಳಿ ಕಾರು. ನಾಲ್ಕು ಬಾಗಿಲು, ಹಿಂದೆ ಡಿಕ್ಕಿ, ಸಂತೆಯ ಚೀಲಕ್ಕೆ ಜಾಗ, ಒಂದು ಕಾರಿಗೆ ಇರಬೇಕಾದದ್ದೆಲ್ಲ ಅದಕ್ಕಿದೆ. ಇನ್ನೊಂದು ನನ್ನ ಗಂಡನ ಕೆಂಪು ಸ್ಪೋರ್ಟ್ಸ್ ಕಾರು. ಅದಕ್ಕೆ ಎರಡೇ ಬಾಗಿಲು. ಒಳಗೆ ಕೂರುವುದೆಂದರೆ ನೆಲಕ್ಕೆ ಚಾಪೆ ಹಾಸಿ ಕೂತ ಹಾಗೆ. ಪಕ್ಕದಲ್ಲಿ ಲಾರಿ ನಿಂತರೆ ಅದರ ಗಾಲಿಯ ನಟ್ಟುಗಳು ನಮ್ಮ ಕಣ್ಣಿನ ಎತ್ತರಕ್ಕೆ ಬರುತ್ತವೆ. ಇಪ್ಪತ್ತು ವರ್ಷಗಳ ಹಿಂದೆ ಪುಣೆಯಲ್ಲಿ ಯಾರೋ ಓಡಿಸಿ ಬೇಸತ್ತು ಮಾರಿದ್ದನ್ನು ಇವರು ತಂದಾಗಲೇ ಅದು ಹಳೆಯದಾಗಿತ್ತು. ಆಗ ನಾನು ಎಂಟು ದಿನ ಮಾತು ಬಿಟ್ಟಿದ್ದೆ. ಒಂಬತ್ತನೆಯ ದಿನ ಅದರಲ್ಲಿ ಕೂತು ಡಂಬಳದ ಕೆರೆಯ ತನಕ ಹೋಗಿ ಬಂದೆ. ಅಲ್ಲಿಗೆ ನನ್ನ ಹಟ ಮುಗಿಯಿತು.

ಇವರದು ಬೆಟಗೇರಿಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ಪಾವತಿ ಪುಸ್ತಕ, ಶಾಲೆಯ ನೋಟುಪುಸ್ತಕ, ಬಂದದ್ದನ್ನೆಲ್ಲ ಅಚ್ಚು ಹಾಕುತ್ತಾರೆ. ವಾರದಲ್ಲಿ ಆರು ದಿನ ಮಸಿ, ಏಳನೆಯ ದಿನ ಕೆಂಪು ಕಾರು. ಗದಗದಿಂದ ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಮುಂಡರಗಿ, ಡಂಬಳದ ಮೇಲೆ ಹಾಯ್ದು ಮತ್ತೆ ಗದಗ. "ಅಲ್ಲೇನ್ರಿ ಕೆಲಸ ನಿಮಗ?" ಎಂದು ಕೇಳಿದರೆ, "ಕೆಲಸ ಇಲ್ಲಂತನ ಹೊಂಟೀನಿ" ಎನ್ನುತ್ತಿದ್ದರು. ಶಿರಹಟ್ಟಿಯಲ್ಲಿ ಒಂದು ಚಹಾ, ಮುಂಡರಗಿಯಲ್ಲಿ ಒಂದು ಮಿರ್ಚಿ, ಅಷ್ಟೇ ಅವರ ತೀರ್ಥಯಾತ್ರೆ. ಬಂದ ಮೇಲೆ ಮತ್ತೆ ಆರು ದಿನ ಯಾರ ಮೇಲೂ ಸಿಟ್ಟು ಮಾಡುತ್ತಿರಲಿಲ್ಲ. ಮನೆಯಲ್ಲಿ ಸಿಟ್ಟಿನ ಖಾತೆ ನನ್ನದು.

ಹೋದ ವರ್ಷ ಪ್ರೆಸ್ಸಿನಲ್ಲಿ ಕಾಗದದ ಬಂಡಲು ಎತ್ತುವಾಗ ಇವರ ಬೆನ್ನು ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಎಡಗಾಲು ಜೋಮು ಹಿಡಿಯತೊಡಗಿದಾಗ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಆಪರೇಶನ್ ಆಯಿತು. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ, ಬೆಲ್ಟು, ಮಾತ್ರೆ. ಕೊನೆಯ ಸಲ ತೋರಿಸಲು ಹೋದಾಗ ಡಾಕ್ಟರು ಎರಡು ಮಾತು ಹೇಳಿದರು. ಕಾರಿನಲ್ಲಿ ಓಡಾಡಬಹುದು, ಆದರೆ ಝಟಕಾ ಬೀಳಬಾರದು ಎಂಬುದು ಒಂದು. ಸದ್ಯ ಬೇರೆಯವರು ನಡೆಸಲಿ, ಕಾಲಿಗೆ ಬಲ ಬಂದ ಮೇಲೆ ನೀವೇ ನಡೆಸಿರಿ ಎಂಬುದು ಇನ್ನೊಂದು. ಮೊದಲನೆಯ ಮಾತನ್ನು ನಾನು ಮನೆಯ ಗೋಡೆಯ ಮೇಲೆ ಬರೆದು ಅಂಟಿಸುವುದೊಂದು ಬಾಕಿ. ಎರಡನೆಯದನ್ನು ಆ ಆಸ್ಪತ್ರೆಯಲ್ಲೇ ಮರೆತು ಬಂದೆ.

ಕೆಂಪು ಕಾರಿನಲ್ಲಿ ಇವರನ್ನು ಕೂರಿಸಿಕೊಂಡು ಮೊದಲ ಸಲ ಹೊರಟದ್ದು ಬಿಂಕದಕಟ್ಟಿಯ ತನಕ. ಅಷ್ಟೇ ದೂರ. ಆದರೆ ಆ ಕಾರಿನ ಶಾಕ್ ಅಬ್ಸಾರ್ಬರುಗಳು ಎಂದೋ ಸೋತು ಎಣ್ಣೆ ಸೋರುತ್ತಿದ್ದವು. ಹಂಪು ಬಂದಾಗ ಎಷ್ಟು ನಿಧಾನ ಮಾಡಿದರೂ ಕಾರು ಒಮ್ಮೆ ಕುಕ್ಕಿ, ಮೂರು ಸಲ ಪುಟಿಯುತ್ತಿತ್ತು. ಇವರು ಬಾಗಿಲ ಹಿಡಿಕೆಯನ್ನು ಹಿಡಿದುಕೊಂಡು ಮುಂದೆ ನೋಡುತ್ತ ಕೂತರು. ಹಣೆಯ ಮೇಲಿಂದ ಬೆವರು ಇಳಿಯುತ್ತಿತ್ತು. ಮನೆಗೆ ಬಂದು ತಾವೇ ಕಾರಿಗೆ ತಾಡಪತ್ರಿ ಹೊದಿಸಿದರು. ಅಂದಿನಿಂದ ಅದರ ಸುದ್ದಿ ತೆಗೆಯಲಿಲ್ಲ. ಇಪ್ಪತ್ತು ವರ್ಷ ಅದರ ಸುದ್ದಿ ಕೇಳಿ ಕೇಳಿ ಕಿವಿ ಮುಚ್ಚಿಕೊಂಡವಳು ನಾನು. ಈಗ ಆ ಸುದ್ದಿ ಇಲ್ಲದ ಮನೆ ನನಗೆ ತಡೆಯಲಾಗಲಿಲ್ಲ.

ಅದಕ್ಕೇ ಮಿಸ್ತ್ರಿಯನ್ನು ಮನೆಗೆ ಕರೆಸಿದೆ. ಬೆಟಗೇರಿಯಲ್ಲಿ ಅವರದು ಗ್ಯಾರೇಜು. ಅವರ ಅಪ್ಪ ಚಕ್ಕಡಿಯ ಗಾಲಿಗೆ ಹಳಿ ಹಾಕುತ್ತಿದ್ದವರು, ಮಿಸ್ತ್ರಿ ಜೀಪು, ಟ್ರ್ಯಾಕ್ಸುಗಳ ರಿಪೇರಿಗೆ ಬಂದರು. ಕೆಂಪು ಕಾರು ಊರಿಗೆ ಬಂದ ದಿನದಿಂದ ಅದರ ಮೇಲೆ ಕೈ ಇಟ್ಟವರು ಅವರೊಬ್ಬರೇ. ಅವರ ಮಗಳು ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ಆದ್ದರಿಂದ ನಾನು ಅವರಿಗೆ ಅಕ್ಕಾರು, ನನ್ನ ಗಂಡ ಅಣ್ಣಾರು.

ಮಿಸ್ತ್ರಿ ತಾಡಪತ್ರಿ ಸರಿಸಿ ಕಾರಿನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ಕಾರು ಮೇಲೆ ಕೆಳಗೆ ತೂಗಾಡಿತು.

"ನೋಡ್ರಿ ಅಕ್ಕಾರ, ಸ್ಪ್ರಿಂಗಿನ ಕೆಲಸ ಪುಟಿಯೂದು, ಶಾಕಿನ ಕೆಲಸ ಅದನ್ನ ಹಿಡಿಯೂದು. ಇಲ್ಲಿ ಹಿಡಿಯಾವ್ರ ಇಲ್ಲ. ನಾಲ್ಕೂ ಮೂಲಿ ಹೊಸಾವ ಹಾಕಬೇಕು."

ಚಹಾ ಕುಡಿಯುತ್ತ ಅವರು ಎರಡು ದಾರಿ ಹೇಳಿದರು. ಒಂದು ಅಗ್ಗದ ಮಾಲು. ಬೇರೆ ಕಾರಿಗೆಂದು ಮಾಡಿದ್ದು, ಕೂಡುವಲ್ಲಿಯ ರಬ್ಬರ್ ಬುಶ್ ಬದಲಿಸಿದರೆ ಇದಕ್ಕೂ ಕೂಡುತ್ತದೆ. ಹಳೆಯ ಸ್ಪ್ರಿಂಗನ್ನೇ ಇಟ್ಟುಕೊಳ್ಳಬಹುದು. ಸ್ವಲ್ಪ ಬಿರುಸು, ಆದರೆ ಈಗಿನದಕ್ಕಿಂತ ಎಷ್ಟೋ ವಾಸಿ. ಎರಡು ವರ್ಷಕ್ಕೆ ಮೋಸವಿಲ್ಲ, ಆಮೇಲೆ ಅದೂ ಸೋರುತ್ತದೆ. ಇನ್ನೊಂದು ಹೊರದೇಶದ ಮಾಲು, ಇದೇ ಕಾರಿಗೆಂದು ಮಾಡಿದ್ದು. ಶಾಕು, ಸ್ಪ್ರಿಂಗು ಎರಡೂ ಕೂಡಿಯೇ ಬರುತ್ತವೆ. ಸುತ್ತ ಒಂದು ರಿಂಗು ಇರುತ್ತದೆ, ಅದನ್ನು ತಿರುಗಿಸಿ ಕಾರನ್ನು ಎತ್ತರಿಸಬಹುದು, ಇಳಿಸಬಹುದು. ಮೆತ್ತಗೆ ಬೇಕೆಂದರೆ ಮೆತ್ತಗೆ, ಬಿಗಿ ಬೇಕೆಂದರೆ ಬಿಗಿ.

"ಹತ್ತು ವರ್ಷ ಬೇಫಿಕರ್" ಎಂದರು ಮಿಸ್ತ್ರಿ. "ಆದ್ರ ಆ ರೊಕ್ಕಕ್ಕ ಒಂದು ಜೋಡಿ ಚಲೋ ಎತ್ತು ಬರತಾವ್ರಿ. ಮುಚ್ಚಿಡೂದೇನೈತಿ."

ನನ್ನ ಗಂಡ ಬಸಿಯಲ್ಲಿ ಚಹಾ ಆರಿಸುತ್ತ, "ಅಗ್ಗದ್ದ ಹಾಕು ಮಿಸ್ತ್ರಿ. ಎರಡು ವರ್ಷ ಬಂದ್ರ ಸಾಕು" ಎಂದರು.

"ಆಮ್ಯಾಲೆ, ಅಣ್ಣಾರ?"

"ಆಮ್ಯಾಲೆ ಯಾರು ಕುಂದರವ್ರು ಅದರಾಗ?"

ದನಿಯಲ್ಲಿ ದುಃಖವಿರಲಿಲ್ಲ, ಹಾಸ್ಯವೂ ಇರಲಿಲ್ಲ. ಲಗ್ನಪತ್ರಿಕೆ ಎಷ್ಟು ಬೇಕೆಂದು ಕೇಳಿದರೆ ಗಿರಾಕಿಗಳು ಒಂದು ಸಂಖ್ಯೆ ಹೇಳುತ್ತಾರಲ್ಲ, ಹಾಗೆ ಹೇಳಿದರು. ಬೆನ್ನು ಹಾಸಿಗೆಗೆ ಹತ್ತಿದ್ದ ಅಷ್ಟು ತಿಂಗಳಲ್ಲಿ ಈ ಮನುಷ್ಯ ತನ್ನ ಆಯುಷ್ಯವನ್ನು ತಾನೇ ಅಳೆದು ಕತ್ತರಿಸಿಟ್ಟಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ನನಗೆ ಹೆದರಿಕೆಯಾದರೆ ಅದು ಸಿಟ್ಟಾಗಿಯೇ ಹೊರಗೆ ಬರುತ್ತದೆ.

"ಕಾಸಿಗೆ ತಕ್ಕ ಕಜ್ಜಾಯ. ದುಬಾರಿದ ತರಸ್ರಿ ಮಿಸ್ತ್ರಿ" ಎಂದೆ. "ನನ್ನ ಪೆನ್ಶನ್ ರೊಕ್ಕ. ಯಾರೂ ನಡುವ ಬಾಯಿ ಹಾಕಬ್ಯಾಡ್ರಿ."

ಕೊತ್ತಂಬರಿ ಸಿವುಡಿಗೂ ಚೌಕಾಸಿ ಮಾಡುವವಳು ನಾನು. ಮಿಸ್ತ್ರಿ ಬಾಯಿ ತೆರೆದು ನೋಡಿದರು. ಇವರು ಬಸಿಯನ್ನು ಕೆಳಗಿಟ್ಟು ಒಳಗೆ ಹೋಗಿ ಮಲಗಿದರು. ಜಗಳವಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾಲು ಬರಲು ಒಂದೂವರೆ ತಿಂಗಳು ಹಿಡಿಯಿತು. ಬಂದ ದಿನ ನಾನೊಬ್ಬಳೇ ಕಾರನ್ನು ಗ್ಯಾರೇಜಿಗೆ ಒಯ್ದೆ. ಪೆಟ್ಟಿಗೆಯಲ್ಲಿ ನಾಲ್ಕು ಹಳದಿ ಸ್ಪ್ರಿಂಗುಗಳು, ಒಂದು ಸಣ್ಣ ಪುಸ್ತಕ. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. ಸ್ಪ್ರಿಂಗಿಗೆ ತೂಕ ಕಟ್ಟಿ ಎಷ್ಟು ಇಳಿಯಿತೆಂದು ಅಳೆಯುವ ಪಾಠವನ್ನು ಎಷ್ಟು ತಂಡಗಳಿಗೆ ಮಾಡಿದ್ದೇನೋ ಲೆಕ್ಕವಿಲ್ಲ. ಪುಸ್ತಕವನ್ನು ನಾನೇ ಹಿಡಿದುಕೊಂಡೆ. ಸಂಜೆಯ ಹೊತ್ತಿಗೆ ನಾಲ್ಕೂ ಕೂತವು. ಎತ್ತರ ಎಷ್ಟಿಡಬೇಕು ಎನ್ನುವಲ್ಲಿ ನಮ್ಮಿಬ್ಬರಿಗೆ ಹತ್ತಿಕೊಂಡಿತು.

ಮಿಸ್ತ್ರಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮುಷ್ಟಿ ತೂರಿಸಿ, "ಒಂದು ಮುಟಗಿ ಇರಬೇಕ್ರಿ ಅಕ್ಕಾರ. ನಮ್ಮ ರಸ್ತೆ ನಿಮಗ ಗೊತ್ತಲ್ಲ, ಎರಿ ಭೂಮಿ, ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಕುಸೀತೈತಿ" ಎಂದರು.

"ಪುಸ್ತಕದಾಗ ಎರಡು ಬೆರಳಂತ ಐತಿ. ಮಾಡಿದವರಿಗೆ ಗೊತ್ತಿಲ್ಲೇನ್ರಿ?"

"ಮಾಡಿದವರು ನಮ್ಮ ಅಡರಕಟ್ಟಿ ರಸ್ತೆಗೆ ಬಂದಿಲ್ರಿ."

ನಾನು ಕೇಳಲಿಲ್ಲ. ಕಲಿಸಿ ಕಲಿಸಿ ಕೇಳುವ ಅಭ್ಯಾಸವೇ ತಪ್ಪಿಹೋಗಿದೆ ಎಂದು ನನ್ನ ಗಂಡ ಹೇಳುವುದು ಸುಳ್ಳಲ್ಲ. ಮಿಸ್ತ್ರಿ ಎರಡು ಬೆರಳಿಗೇ ಇಳಿಸಿದರು. ಕೊನೆಗೆ, ಭಾರ ಬಿದ್ದಾಗಿನ ಅಳತೆ ನೋಡಬೇಕು, ನಡೆಸುವವರು ಸೀಟಿನಲ್ಲಿ ಕೂರಬೇಕು ಎಂದರು. ನಾನು ಹೋಗಿ ಸ್ಟೇರಿಂಗಿನ ಹಿಂದೆ ಕೂತೆ. ಅವರು ಬಲಗಡೆಯ ಎರಡು ಸ್ಪ್ರಿಂಗುಗಳನ್ನು ನನ್ನ ಭಾರಕ್ಕೆ ಹೊಂದಿಸಿ, ರಿಂಗು ಬಿಗಿದು ಮೇಲೆದ್ದರು.

ಮರುದಿನ ಭಾನುವಾರ. "ಏಳ್ರಿ, ಲಕ್ಷ್ಮೇಶ್ವರಕ್ಕ ಹೋಗೂಣು" ಎಂದೆ. ಬರಲಾರೆ ಎನ್ನುತ್ತಾರೆಂದುಕೊಂಡಿದ್ದೆ. ಅಂಗಿ ಹಾಕಿಕೊಂಡು ಬಂದರು. ತೋಳು ಹಿಡಿದು ಎಡಗಡೆಯ ಸೀಟಿನಲ್ಲಿ ಇಳಿಸಿ, ಬೆನ್ನ ಹಿಂದೆ ದಿಂಬು ಕೊಟ್ಟೆ. ಊರು ದಾಟಿ ಮೊದಲ ಹಂಪು ಬಂತು. ಕಾರು ಏರಿತು, ಇಳಿಯಿತು, ಸುಮ್ಮನಾಯಿತು. ಪುಟಿಯಲಿಲ್ಲ. ಇವರು ನನ್ನ ಕಡೆ ನೋಡಿ, "ಏ, ಹಂಪು ಎಲ್ಲಿ ಹೋತು?" ಎಂದರು. ಆ ಒಂದು ಮಾತಿಗೆ ಎರಡು ಜೋಡಿ ಎತ್ತು ಕೊಡುತ್ತಿದ್ದೆ. ದಾರಿಯುದ್ದಕ್ಕೂ ಅವರು ಮಾತಾಡಿದರು. ಗೇರು ತಡವಾಗಿ ಬದಲಿಸುತ್ತಿ, ಬ್ರೇಕು ಜಲ್ದಿ ಒತ್ತುತ್ತಿ, ಎಮ್ಮೆ ಹೊಡೆದುಕೊಂಡು ಹೋದ ಹಾಗೆ ಹೋಗುತ್ತಿ ಎಂದು ನನ್ನನ್ನು ಗೋಳು ಹೊಯ್ದುಕೊಂಡರು. ನಾನು ಒಂದಕ್ಕೂ ಎದುರು ಹೇಳಲಿಲ್ಲ.

ಅಡರಕಟ್ಟಿಯ ಹತ್ತಿರ ರಸ್ತೆಯ ಅರ್ಧಕ್ಕೆ ಹುರಳಿ ಹಾಸಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಕಿತ್ತು ತಂದ ಬಳ್ಳಿಯನ್ನು ರಸ್ತೆಗೆ ಹಾಸಿಬಿಟ್ಟರೆ ಬಸ್ಸು, ಲಾರಿ, ಟ್ರ್ಯಾಕ್ಟರು ಹಾಯ್ದು ಹಾಯ್ದು ಕಾಳು ಉದುರುತ್ತದೆ. ಹಾಗೆ ಹಾಕಬಾರದು ಎಂದು ಹೇಳುವವರು ಹೇಳುತ್ತಾರೆ, ಹಾಕುವವರು ಹಾಕುತ್ತಾರೆ. ಬದಿಗೆ ಖಾಲಿ ಜಾಗವಿದ್ದರೂ ಬೆಳೆಯ ಮೇಲೆಯೇ ಗಾಡಿ ಹಾಯಿಸುವುದು ನಮ್ಮಲ್ಲಿ ಮರ್ಯಾದೆ. ಇವರು ಇಪ್ಪತ್ತು ವರ್ಷ ಒಂದು ರಾಶಿಯನ್ನೂ ಬಿಟ್ಟವರಲ್ಲ. ಹಾರ್ನ್ ಹೊಡೆದು ನಿಧಾನಕ್ಕೆ ಹಾಯಿಸುತ್ತಿದ್ದರು, ಮರದ ನೆರಳಲ್ಲಿ ಕೂತ ರೈತರು ಕೈ ಎತ್ತುತ್ತಿದ್ದರು.

ನಾನು ಸ್ಟೇರಿಂಗನ್ನು ಬದಿಗೆ ತಿರುಗಿಸಿದೆ.

"ಬಾಜೂಕ ಯಾಕ ಹೊಂಟಿ? ಮ್ಯಾಲೆ ಹಾಯ್ಸು. ಅವರು ನೋಡಾಕ ಹತ್ಯಾರ."

ಅಷ್ಟು ದಿನದ ಮೇಲೆ ಅವರು ನನಗೆ ಹುಕುಂ ಮಾಡಿದ್ದರು. ಹಾಯಿಸಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಕಾರಿನ ಹೊಟ್ಟೆಯ ಕೆಳಗೆ ಪರಪರ ಸದ್ದು ಬಂತು. ಎರಡು ಬೆರಳಿಗೆ ಇಳಿಸಿದ ನನ್ನ ಕಾರು ಬಳ್ಳಿಯ ಮೇಲೆ ಹೋಗುತ್ತಿರಲಿಲ್ಲ, ಅದನ್ನು ಗುಡಿಸಿಕೊಂಡು ಹೋಗುತ್ತಿತ್ತು. ಒಣಗಿದ ಬಳ್ಳಿ ಗಾಲಿಗಳ ನಡುವಿನ ರಾಡಿಗೆ ಸುತ್ತಿಕೊಂಡಿತು. ಕಾರು ನಿಂತಿತು. ಹುರಳಿ ಹುರಿಯುವಾಗ ಬರುತ್ತದಲ್ಲ, ಆ ವಾಸನೆ ಮೂಗಿಗೆ ಬಡಿಯಿತು. ಸೈಲೆನ್ಸರಿನ ಕಾವಿಗೆ ಹೊಟ್ಟು ಹೊತ್ತಿಕೊಳ್ಳುತ್ತಿತ್ತು. ಬದಿಯಿಂದ ಹೊಗೆ ಎದ್ದಿತು.

"ಇಳೀರಿ! ಜಲ್ದಿ ಇಳೀರಿ!" ಹೊಲದ ಗಂಡ ಹೆಂಡತಿ ಕೂಗುತ್ತ ಓಡಿ ಬಂದರು.

ನಾನು ಇಳಿದು, ಕಾರನ್ನು ಸುತ್ತಿ, ಇವರನ್ನು ಎತ್ತಲು ಆ ಕಡೆಗೆ ಓಡಿದೆ. ಆ ಸೀಟಿನಿಂದ ಇವರನ್ನು ಎಬ್ಬಿಸುವುದೆಂದರೆ ಕಂಕುಳಿಗೆ ಕೈ ಕೊಟ್ಟು, ಒಂದು ಕಾಲು ಹೊರಗಿಟ್ಟು, ಇನ್ನೊಂದು ಕಾಲು ಹೊರಗಿಟ್ಟು, ದೇವರ ಹೆಸರು ಹೇಳಿ ಎತ್ತುವ ಕೆಲಸ. ನಾನು ಮುಟ್ಟುವಷ್ಟರಲ್ಲಿ ಅವರು ಹೊರಗಿದ್ದರು. ಬಾಗಿಲ ಮೇಲಿನ ಟಪ್ಪಿನ ಅಂಚು ಹಿಡಿದು ಎದ್ದಿದ್ದರು. ನೋಡುತ್ತಿದ್ದಂತೆ ಮೊಳಕಾಲು ಮಡಚಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಕೆಳಗಿನ ಬಳ್ಳಿಯನ್ನು ಎಳೆಯತೊಡಗಿದರು.

"ಬಗ್ಗಬ್ಯಾಡ್ರಿ! ನಿಮ್ಮ ಬೆನ್ನಾ!" ನಾನು ಚೀರಿದೆ. ತಿರುಗಿ ಕೂಡ ನೋಡಲಿಲ್ಲ. ಆ ರೈತ ಕುಡುಗೋಲಿನಿಂದ ಬಳ್ಳಿ ಕೊಯ್ದ, ಇವರು ಎಳೆದರು, ಆ ಹೆಂಗಸು ಕುಡಿಯಲು ತಂದಿದ್ದ ಕೊಡದ ನೀರನ್ನು ಪೂರ್ತಿ ಸುರಿದಳು. ಚುಂಯ್ ಎಂದು ಹೊಗೆ ಕಮ್ಮಿಯಾಯಿತು. ಆ ನಾಲ್ವರಲ್ಲಿ ಏನೂ ಮಾಡದೆ ಬರೀ ಕೂಗಿದವಳು ನಾನೊಬ್ಬಳೇ.

ಹೆಂಗಸು ಕಾರನ್ನೊಮ್ಮೆ ನೋಡಿ, "ಏನವ್ವಾ ಇದು, ಹೊಟ್ಟಿ ನೆಲಕ್ಕ ಹಚ್ಚಿಕೊಂಡು ಕುಂತೈತಿ. ಇದನ್ನ ತಗೊಂಡು ರಾಶಿ ಮ್ಯಾಲೆ ಬರತಾರೇನು? ಬಾಜೂಕ ಹೋಗಿದ್ರ ನಾವೇನು ಬೈತಿದ್ವೇನು?" ಎಂದು ನನ್ನನ್ನೇ ದಬಾಯಿಸಿದಳು. ತಪ್ಪಾಯಿತು ಎಂದೆ. ಸುಟ್ಟ ಹುರಳಿಗೆ ಏನಾದರೂ ಕೊಡಲು ಹೋದರೆ ತಗೊಳ್ಳದೆ, ಇವರನ್ನು ನೆರಳಿಗೆ ಕೂರಿಸಿ ಮಜ್ಜಿಗೆ ಕೊಟ್ಟಳು.

"ನೋವಾತೇನ್ರಿ?" ಹತ್ತಿರ ಹೋಗಿ ಕೇಳಿದೆ.

"ಆಗೇತಿ." ಮಸಿಯಾದ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. "ಸಾಯೂವಷ್ಟ ಏನಾಗಿಲ್ಲ."

ಮಾರನೆಯ ದಿನ ಕಾರಿನೊಂದಿಗೆ ಇವರೂ ಗ್ಯಾರೇಜಿಗೆ ಬಂದರು. ಬೆನ್ನಿಗೆ ಬೆಲ್ಟು ಬಿಗಿದಿತ್ತು, ರಾತ್ರಿ ಒಂದು ಮಾತ್ರೆಯೂ ಹೆಚ್ಚಾಗಿತ್ತು. ಮಿಸ್ತ್ರಿ ಕೆಳಗೆ ನುಸುಳಿ, ಉಳಿದ ಹೊಟ್ಟನ್ನೆಲ್ಲ ಕಿತ್ತು ಹೊರಗೆ ಎಸೆದರು. ನಾನು ಪುಸ್ತಕ ತಂದಿರಲಿಲ್ಲ.

"ಒಂದು ಮುಟಗಿ ಇಡ್ರಿ ಮಿಸ್ತ್ರಿ, ನೀವು ಹೇಳಿದಂಗ" ಎಂದೆ.

"ಇಡತೀನ್ರಿ. ಅಗ್ಗದ್ದು ಹಾಕಿದ್ರ ಹಿಂಗ ಏರಿಸಾಕ ಬರತಿದ್ದಿಲ್ಲ. ಇದು ಆಗತೈತಿ." ಅವರು ನಾಲ್ಕೂ ರಿಂಗುಗಳನ್ನು ಏರಿಸಿದರು. ಆಮೇಲೆ ಸಹಜವಾಗಿ, "ಅಕ್ಕಾರ, ಕುಂದ್ರಿ. ಬಲಗಡೀದು ಹೋದ ಸಲ ನಿಮ್ಮ ಭಾರಕ್ಕ ಇಟ್ಟಿದ್ದೆ, ಮತ್ತೊಮ್ಮೆ ನೋಡೂನು" ಎಂದರು.

ನಾನು ಬಾಗಿಲಿಗೆ ಕೈ ಹಾಕಿದ್ದೆ. ಹಿಂದಿನಿಂದ ಇವರು, "ಅಕಿ ಭಾರಕ್ಕ ಯಾಕ?" ಎಂದರು.

ಮಿಸ್ತ್ರಿ ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಲಾರದೆ ಹೋದೆ. ಎರಡು ವರ್ಷ ಸಾಕು ಎಂದದ್ದಕ್ಕೆ ಇವರ ಮೇಲೆ ಹರಿಹಾಯ್ದಿದ್ದೆನಲ್ಲ. ನಾನೇನು ಮಾಡಿದ್ದೆ? ಎರಡು ವರ್ಷ ಕೂಡ ಕೊಟ್ಟಿರಲಿಲ್ಲ. ಹತ್ತು ವರ್ಷ ಬಾಳುವ ಸ್ಪ್ರಿಂಗು ತರಿಸಿ, ಒಂದು ಮಾತೂ ಕೇಳದೆ, ಇವರ ಸೀಟಿನಲ್ಲಿ ನಾನು ಕೂತು, ನನ್ನ ತೂಕಕ್ಕೆ ಬಿಗಿಸಿಕೊಂಡು ಬಂದಿದ್ದೆ. ಇವರು ಬಾಯಲ್ಲಿ ಅಂದದ್ದನ್ನು ನಾನು ಮಾಡಿಯೇ ಮುಗಿಸಿದ್ದೆ.

"ತಪ್ಪಾತ್ರಿ" ಎಂದೆ. ಲಗ್ನವಾದಂದಿನಿಂದ ಆ ಶಬ್ದವನ್ನು ಇವರಿಗೆ ಎಷ್ಟು ಸಲ ಹೇಳಿದ್ದೇನೆ ಎಂದು ಎಣಿಸಲು ಒಂದು ಕೈಯ ಬೆರಳು ಸಾಕು. "ನಿಮ್ಮನ್ನ ಕೇಳಬೇಕಾಗಿತ್ತು."

ಇವರು ಮುಂದೆ ಬಂದು, ಟಪ್ಪು ಹಿಡಿದು, ಮೊದಲು ಕೂತು ಆಮೇಲೆ ಎರಡೂ ಕಾಲು ಒಳಗೆ ತಂದುಕೊಂಡರು. ಆಸ್ಪತ್ರೆಯಲ್ಲಿ ಕಲಿಸಿದ್ದು ಹಾಗೆ. ಕ್ಲಚ್ಚನ್ನು ಎಡಗಾಲಿನಿಂದ ಒಮ್ಮೆ ಒತ್ತಿದರು. ಇನ್ನೊಮ್ಮೆ ಒತ್ತಿದರು. ಕಾಲು ಗಟ್ಟಿಯಾಗಿ ನಿಂತಿತು.

ಮಿಸ್ತ್ರಿ ಗಾಲಿಯ ಹತ್ತಿರ ಕೂತು ಮುಷ್ಟಿ ತೂರಿಸಿದರು. ಅವರ ಹುಬ್ಬು ಗಂಟಾಯಿತು. ಮುಷ್ಟಿಯ ಮೇಲೆ ಇನ್ನೂ ಒಂದು ಬೆರಳು ಹೋಗುವಷ್ಟು ಜಾಗವಿತ್ತು. ಕಾರಿನ ಮೂಲೆ ಒತ್ತಿ ಬಿಟ್ಟು ಮತ್ತೊಮ್ಮೆ ಅಳೆದರು. ಅಷ್ಟೇ ಬಂತು. ನಾನು ಕೂತಾಗ ಇಳಿದಷ್ಟು ಕೂಡ ಕಾರು ಇಳಿದಿರಲಿಲ್ಲ. ಅಂಗಿ ದೊಗಳೆಯಾದದ್ದನ್ನು ನೋಡಿದ್ದೆ, ಉಡದಾರ ಜಾರುವುದನ್ನೂ ನೋಡಿದ್ದೆ. ಆದರೂ ಈ ಮನುಷ್ಯ ಎಷ್ಟು ಕರಗಿಹೋಗಿದ್ದಾರೆ ಎಂಬುದು ಆ ಒಂದು ಬೆರಳಿನ ಜಾಗ ನೋಡಿದಾಗ ನನಗೆ ತಿಳಿಯಿತು. ಕಣ್ಣು ತುಂಬಿ ಬಂದವು. ಮಿಸ್ತ್ರಿ ನನ್ನನ್ನು ನೋಡಿಯೂ ನೋಡದವರಂತೆ ರಿಂಗು ತಿರುಗಿಸುವ ಪಾನಾ ಕೈಗೆ ತಗೊಂಡರು.

"ಎಷ್ಟ ಬಂತೋ ಮಿಸ್ತ್ರಿ?" ಒಳಗಿನಿಂದ ಇವರು ಕೇಳಿದರು.

"ಸ್ವಲ್ಪ ಹಗೂರ ಆಗೀರಿ ಅಣ್ಣಾರ. ಎರಡು ಸುತ್ತ ಇಳಿಸಿದ್ರ ನಿಮಗ ಬರೋಬರಿ ಆಕ್ಕೈತಿ."

ಇವರು ಎರಡೂ ಕೈಯನ್ನು ಸ್ಟೇರಿಂಗಿನ ಮೇಲೆ ಇಟ್ಟುಕೊಂಡರು.

"ಇಳಿಸಬ್ಯಾಡ" ಎಂದರು. "ಹಂಗ ಬಿಡು. ನಾ ಇನ್ನ ದಪ್ಪ ಆಗಾಂವ ಅದೀನಿ."

ಮಿಸ್ತ್ರಿ ಪಾನಾ ಕೆಳಗಿಟ್ಟರು. ನಾನು ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕೂತೆ.